ತುದಿ ಮಡಚುವುದು

ಕುಂಪಲದ ನಮ್ಮ ಜಗಲಿಯಲ್ಲಿ
ತಗಡಿನ ಅಳತೆಯಿಟ್ಟು ಎಲೆ ಕತ್ತರಿಸುತ್ತಿದ್ದದ್ದು ಅಮ್ಮ,
ಸುತ್ತುತ್ತಿದ್ದದ್ದು ಪೂವಕ್ಕ,
ಬೀಡಿಯ ಬಾಯಿ ಮಡಚುತ್ತಿದ್ದದ್ದು ನಾನು.
ಏಳು ವರ್ಷದವಳ ಹೆಬ್ಬೆರಳ ಉಗುರು ಅದಕ್ಕೆ ಹೇಳಿ ಮಾಡಿಸಿದ್ದು.
ಒಳಕ್ಕೆ ಒತ್ತು, ಇನ್ನೊಮ್ಮೆ ಒತ್ತು,
ಎಲೆಯ ಅಂಚು ಎಲೆಯೊಳಗೇ ಮುಖ ಹುದುಗಿಸಬೇಕು.
ಇಲ್ಲವಾದರೆ ಬ್ರಾಂಚಿನಲ್ಲಿ ಶೀನಣ್ಣ
ಕಟ್ಟು ಕುಟ್ಟಿ ನೋಡುತ್ತಾನೆ, ಹುಡಿ ಉದುರಿದರೆ
ಇಪ್ಪತ್ತೈದಕ್ಕೆ ಇಪ್ಪತ್ತೈದೂ ರಿಜೆಕ್ಟು.

ಈಗ ದೇರಳಕಟ್ಟೆಯ ಲ್ಯಾಬು, ಕಿಟಕಿಯಿಲ್ಲದ ಕೋಣೆ,
ಸೂಕ್ಷ್ಮದರ್ಶಕದ ಕೆಳಗೆ ನಲವತ್ತಾರು ವರ್ಣತಂತು.
ತುದಿಗಳಿಗೆ ಬಣ್ಣ ಕೂಡಿಸಿ ಎಣಿಸುವುದು ನನ್ನ ಕೆಲಸ.
ಅಲ್ಲಿ ಬರೆದಿರುವುದಕ್ಕೆ ಅರ್ಥವೇನೂ ಇಲ್ಲ:
ಟಿಟಿಎ ಜಿಜಿಜಿ, ಟಿಟಿಎ ಜಿಜಿಜಿ,
ಸಾವಿರ ಸಲ, ಮತ್ತೆ ನೂರಾರು ಸಲ,
ಕಣ್ಣಿಗೆ ಬಣ್ಣ ಕೊಡದ, ಮೂಳೆಗೆ ಉದ್ದ ಕೊಡದ ಆರಕ್ಷರ.
ಸವೆಯಲಿಕ್ಕೆಂದೇ ಇಟ್ಟದ್ದು.

ಸೆಗಣಿ ಸಾರಿಸುತ್ತ ಹಿಂದೆ ಹಿಂದೆ ಸರಿದವಳಿಗೆ
ತಾನು ಕುಕ್ಕರುಗಾಲಲ್ಲಿ ಕೂತ ಜಾಗ ಸಾರಿಸಲಾಗದು.
ನಕಲು ಮಾಡುವ ಕಿಣ್ವಕ್ಕೂ ಅದೇ ಪಾಡು,
ಕೊನೆಯ ಚೂರು ಪ್ರತಿ ಸಲ ಉಳಿದುಹೋಗುತ್ತದೆ.
ಐವತ್ತು ಸಲವೋ ಅರವತ್ತು ಸಲವೋ ಒಡೆದ ಮೇಲೆ
ಕೋಶ ಸುಮ್ಮನೆ ಕೂತುಬಿಡುತ್ತದೆ,
ಸಂಜೆ ಕಣ್ಣು ಕಾಣದೆ ತಡ್ಪೆ ಪಕ್ಕಕ್ಕಿಟ್ಟವರ ಹಾಗೆ.

ಮೇಲಿಂದ ರಿಪೇರಿಯವರ ಕಾಟ ಬೇರೆ.
ತುಂಡಾದದ್ದು ಕಂಡಲ್ಲಿ ಗಂಟು ಹಾಕುವುದಷ್ಟೇ ಅವರಿಗೆ ಗೊತ್ತು.
ತುದಿಗೂ ತುಂಡಿಗೂ ವ್ಯತ್ಯಾಸ ಹೇಳುವವರು ಯಾರು?
ಅದಕ್ಕೇ ತಂತು ತನ್ನ ಬಾಲವನ್ನು ಬಳಸಿ ತಂದು
ತನ್ನ ಮೈಯೊಳಗೇ ಸಿಕ್ಕಿಸಿಕೊಳ್ಳುತ್ತದೆ.
ಆರು ಪ್ರೋಟೀನು ಮೇಲೆ ಕೂತು ಕಾಯುತ್ತವೆ.
ತರಗತಿಯಲ್ಲಿ ಮೊದಲ ಸಲ ಈ ಚಿತ್ರ ನೋಡಿದಾಗ
ನನ್ನ ಹೆಬ್ಬೆರಳು ತಾನಾಗಿ ಒತ್ತಿತ್ತು, ಡೆಸ್ಕಿನ ಮೇಲೆ.

ಮಂಗಳವಾರದ ಸ್ಯಾಂಪಲ್ಲಿನಲ್ಲಿ ಚುಕ್ಕೆಗಳೇ ಕಾಣಲಿಲ್ಲ.
ದೀಪ ಬದಲಿಸಿದೆ. ಬಣ್ಣ ಹೊಸತಾಗಿ ಕಲಸಿದೆ.
ನೂರ ಎಂಬತ್ತನಾಲ್ಕು ಮಿಣುಕಬೇಕಾದಲ್ಲಿ
ಎಲ್ಲೋ ಒಂದು, ಎಲ್ಲೋ ಇನ್ನೊಂದು,
ಕರೆಂಟು ಹೋದ ರಾತ್ರಿ ನೇತ್ರಾವತಿಯ ಆಚೆ ದಡ.
ಹುಡುಗನ ಹೆಸರು ಶಮ್ಮಾಸ್, ಉಳ್ಳಾಲ ಕೋಡಿ, ಒಂಬತ್ತು ವರ್ಷ.
ನಾಲಿಗೆಯಲ್ಲಿ ಬಿಳಿ ಮಚ್ಚೆ, ಕುತ್ತಿಗೆಗೆ ಬಲೆಯಂಥ ಕಪ್ಪು,
ಮಜ್ಜೆಯಲ್ಲಿ ರಕ್ತ ಹುಟ್ಟುವುದು ನಿಲ್ಲುತ್ತ ಬಂದಿದೆ.
ಉಗುರುಗಳು ಒಣಗಿದ ಸಿಪ್ಪೆ.
ಒಂದೇ ಒಂದು ಬೀಡಿಯ ಬಾಯಿ ಅವನು ಮುಚ್ಚಲಾರ.

ಡಾಕ್ಟರು ಊಟಕ್ಕೆ ಹೋಗಿದ್ದರು. ಅವನ ತಾಯಿ ಜೈನಾಬಿ
ವರಾಂಡದಲ್ಲಿ ನನ್ನನ್ನೇ ತಡೆದಳು. ಏನು ಬಂತು?
ನಾನು ಹೇಳಬಾರದು. ಅವಳ ಬೆರಳು ನೋಡಿದೆ,
ಹೊಗೆಸೊಪ್ಪಿನ ಹಳದಿ, ಕತ್ತರಿ ಹಿಡಿದ ಜಡ್ಡು.
ಹೇಳಿದೆ.
ಎಲೆ ಅಂದೆ, ಬಾಯಿ ಅಂದೆ, ಮಡಚುವುದು ಅಂದೆ.
ಸವೆದ ತುದಿಗೆ ಹೊಸ ತುಂಡು ಸೇರಿಸುವ ಕಿಣ್ವ ಒಂದುಂಟು,
ಅಳತೆಯನ್ನು ಮಡಿಲಲ್ಲೇ ಇಟ್ಟುಕೊಂಡು ತಿರುಗುತ್ತದೆ ಅಂದೆ.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಹಾಗಾದರೆ ಇವನಿಗೆ ತಗಡೇ ಸವೆದದ್ದು."
ನನ್ನ ಪುಸ್ತಕಕ್ಕೆ ಅದಕ್ಕೆ ಎರಡು ಪುಟ ಬೇಕಾಗಿತ್ತು.
"ತಗಡು ಬ್ರಾಂಚಿನವರು ಕೊಡುವುದಲ್ಲವಾ, ನಾವು ಮಾಡುವುದಲ್ಲ."
ಕೇಳಿದಳೋ, ತನಗೆ ತಾನೇ ಹೇಳಿಕೊಂಡಳೋ.

ಹೊಸ ತಗಡು ಹಾಕಲಿಕ್ಕಾಗುವುದಿಲ್ಲವಾ?
ಪಕ್ಕದ ಕೋಣೆಯ ಸ್ಲೈಡುಗಳು ನೆನಪಾದವು.
ಮಲಗಿರಬೇಕಾದ ಕಿಣ್ವ ಎದ್ದು ಕೂತ ಕೋಶಗಳು,
ತುದಿ ಸವೆಯದೆ, ದಣಿವೇ ಗೊತ್ತಿಲ್ಲದೆ ಒಡೆಯುತ್ತಿರುವವು.
ಶೀನಣ್ಣನ ಗಂಟಲಲ್ಲಿ ಇದ್ದದ್ದು ಅಂಥದ್ದೇ.
ಅದನ್ನು ಹೇಳಲಿಲ್ಲ.
ತಮ್ಮನ ಮಜ್ಜೆ ಹೊಂದಿದರೆ ನೋಡುತ್ತಾರೆ ಅಂದೆ,
ಡಾಕ್ಟರು ಮೂರು ಗಂಟೆಗೆ ಬರುತ್ತಾರೆ ಅಂದೆ.

ಬೆಂಚಿನ ಮೇಲೆ ಶಮ್ಮಾಸ್ ತಾಯಿಯ ಚೀಲದಿಂದ
ಬೀಡಿ ನೂಲಿನ ಉಂಡೆ ತೆಗೆದಿದ್ದ.
ಇಡೀ ಬಿಚ್ಚಿದ, ಮೊಣಕಾಲಿಗೆ ಸುತ್ತಿದ, ಮತ್ತೆ ಉಂಡೆ ಮಾಡಿದ.
ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದ:
ಈ ಕೊನೆ ಎಲ್ಲಿ ಸಿಕ್ಕಿಸುವುದು?